ಮೂಳೆ ಮಾಮನ ಬಲಗೈ

ನಮ್ಮ ಸೋದರಮಾವ ಇಪ್ಪತ್ತಾರು ವರ್ಷ ಒಂದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡಿದರು. ನಮ್ಮ ಬೀದಿಯ ಮಕ್ಕಳಿಗೆಲ್ಲ ಅವರು ಮೂಳೆ ಮಾಮ.

ಕೈಕಾಲು ಮುರಿದುಕೊಂಡ ಮಗು ಮೇಜಿನ ಮೇಲೆ ಸುಮ್ಮನೆ ಮಲಗುವುದಿಲ್ಲ. ಅಲುಗಿದರೆ ಚಿತ್ರ ಮಸುಕಾಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಅದಕ್ಕೇ ಮಾಮ ಚಿತ್ರ ತೆಗೆಯುವ ಉದ್ದ ವೈರಿನ ಗುಂಡಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮಗುವನ್ನು ಒತ್ತಿ ಹಿಡಿಯುತ್ತಿದ್ದರು. ತಾಯಂದಿರನ್ನು ಮಾತ್ರ ಒಳಗೆ ನಿಲ್ಲಲು ಬಿಡುತ್ತಿರಲಿಲ್ಲ.

ಮೈಗೆ ಎಷ್ಟು ವಿಕಿರಣ ತಾಗಿದೆಯೆಂದು ಅಳೆಯಲು ಅಂಗಿಗೆ ಸಿಕ್ಕಿಸುವ ಬ್ಯಾಡ್ಜ್ ಕೊಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗುತ್ತಿತ್ತು. ಮಿತಿ ಮೀರಿದರೆ ಆ ನೌಕರನನ್ನು ಕೋಣೆಯಿಂದ ದೂರವಿಡುತ್ತಾರೆ. ಇಡೀ ಆಸ್ಪತ್ರೆಗೆ ಎಕ್ಸ್‌ರೇ ತೆಗೆಯಲು ಇದ್ದವರು ಮಾಮ ಒಬ್ಬರೇ. ತಾವು ಹೋದರೆ ಕೋಣೆಗೆ ಬೀಗ ಬೀಳುತ್ತದೆಂದು ಅವರು ಬ್ಯಾಡ್ಜನ್ನು ಹೊರಗಿನ ಡ್ರಾಯರಿನಲ್ಲಿಟ್ಟು ಒಳಹೋಗುತ್ತಿದ್ದರು.

ಮೊದಲು ಉಗುರುಗಳಲ್ಲಿ ಕಪ್ಪು ಗೀರು ಮೂಡಿತು. ಆಮೇಲೆ ಬೆರಳುಗಳ ಚರ್ಮ ಒಣಗಿ ಬಿರಿಯಿತು. ಅತ್ತೆ ಮುಲಾಮು ಹಚ್ಚುತ್ತ ರೇಗಿಸುತ್ತಿದ್ದರು. "ಪಾತ್ರೆ ತಿಕ್ಕೋದು ನಾನು, ಕೈ ಒಡೆಯೋದು ನಿಮ್ದು. ಏನ್ ನಾಜೂಕೋ."

"ಒಂದು ಲೋಟಾನೂ ತೊಳೀಲಿಲ್ಲ ಅಂತ ನೀನೇ ಶಾಪ ಹಾಕಿರ್ಬೇಕು," ಎಂದು ಮಾಮ ನಗುತ್ತಿದ್ದರು.

ಕಳೆದ ವರ್ಷ ಬಲಗೈ ತೋರುಬೆರಳಿನ ಹುಣ್ಣು ಮಾಯಲೇ ಇಲ್ಲ. ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಎರಡು ಬೆರಳು ತೆಗೆಯಬೇಕಿತ್ತು. ಮಾಮ ಕೇಳಿದ್ದು ಇಷ್ಟೇ: ಇದು ಕೆಲಸದಿಂದ ಬಂದ ಕಾಯಿಲೆ ಎಂದು ಆಸ್ಪತ್ರೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಅಲ್ಲೇ ಬೇರೆ ಕೆಲಸ ಸಿಗುತ್ತಿತ್ತು. ಇಲ್ಲವಾದರೆ ಮನೆಯೇ ಗತಿ.

ಆಸ್ಪತ್ರೆ ಕಚೇರಿಯ ಮೇಲಧಿಕಾರಿ ಫೈಲು ತಿರುಗಿಸಿದರು. "ಇಷ್ಟೂ ವರ್ಷದ ಬ್ಯಾಡ್ಜ್ ರಿಪೋರ್ಟ್ ಇದೆ ನೋಡಿ. ಒಂದ್ಸಲಾನೂ ಮಿತಿ ಹತ್ರ ಬಂದಿಲ್ಲ."

"ಬ್ಯಾಡ್ಜ್ ಡ್ರಾಯರಲ್ಲಿತ್ತು ಮೇಡಂ. ನಾನೇ ಇಡ್ತಿದ್ದೆ."

"ಹಾಗಂತ ಬರೆದ್ರೆ, ನಿಯಮ ಮುರಿದ್ರಿ ಅಂತ ನಿಮ್ಮ ಮೇಲೇ ಕ್ರಮ ತಗೋಬೇಕಾಗತ್ತೆ. ನೀವೇ ಹೇಳಿ, ನಾನೇನ್ ಮಾಡ್ಲಿ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಆಕೆಯ ಮಗಳ ಮೊಣಕೈ ಮುರಿದಾಗ ಆ ಕೈಯನ್ನು ಹಿಡಿದು ಚಿತ್ರ ತೆಗೆದವರು ಮಾಮನೇ. ಅದು ಇಬ್ಬರಿಗೂ ನೆನಪಿತ್ತು. ಆಕೆ ಫೈಲು ಮುಚ್ಚಿ, ಅದರ ದಾರವನ್ನು ಬಹಳ ಹೊತ್ತು ಕಟ್ಟಿದರು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅತ್ತೆ ಎದ್ದು ನಿಂತರು. "ಏನಂದ್ರು?"

"ಕಾಗದದ ಮೇಲೆ ನಾನು ಗಟ್ಟಿಮುಟ್ಟಾಗಿದ್ದೀನಂತೆ."

ಅತ್ತೆ ಅವರ ಬಲಗೈ ಹಿಡಿದುಕೊಂಡು ಹೊರಟರು.

ಶಸ್ತ್ರಚಿಕಿತ್ಸೆಯ ದಿನ ನರ್ಸ್ ಒಪ್ಪಿಗೆ ಪತ್ರ ತುಂಬುತ್ತ ಕೇಳಿದಳು. "ಕಾಯಿಲೆಗೆ ಕಾರಣ ಅಂತ ಇಲ್ಲಿದೆ. ಏನ್ ಬರೀಲಿ?"

ಮಾಮ ಅತ್ತೆಯ ಮುಖ ನೋಡಿದರು. "ಗೊತ್ತಿಲ್ಲ ಅಂತ ಬರ್ಕೊಳ್ಳಮ್ಮ," ಎಂದು ಸಹಿ ಹಾಕಲು ಪೆನ್ನಿಗಾಗಿ ಬಲಗೈ ಚಾಚಿದರು.