ಮೆಚಿ ಚಿಕ್ಕಮ್ಮನ ಸಿಪ್ಪೆ ರಾಶಿ, ಕೆಂಪು ಕಪ್ಪೆ

ಮೆಚಿ ಚಿಕ್ಕಮ್ಮನ ಕೋಕೋ ತೋಟಕ್ಕೆ ದಿನಗೂಲಿಗೆ ಸೇರಿದ ಮೊದಲ ವಾರವೇ ಒಂದು ಜೀವ ಉಳಿಸಿದೆನೆಂದು ಬೀಗಿದ್ದೆ. ಹೆಬ್ಬೆರಳ ಉಗುರಿನಷ್ಟಿದ್ದ ಕೆಂಪು ಕಪ್ಪೆಯೊಂದರ ಬೆನ್ನಿಗೆ ಕಪ್ಪನೆಯ ಜಿಗಣೆ ಕಚ್ಚಿಕೊಂಡಿತ್ತು. ಪಾಪ ಅನ್ನಿಸಿ ಕಿತ್ತು ಎಸೆದೆ.

"ಏನೋ ಚಾಲಿ, ಅದು ಎಸೆದಿದ್ದು?"

"ಜಿಗಣೆ, ಚಿಕ್ಕಮ್ಮ."

"ಅದರ ಮಗು ಕಣೋ ಮುಟ್ಠಾಳ! ತಾಯಿ ನೀರಿಗೆ ಬಿಡೋಕೆ ಹೊತ್ಕೊಂಡು ಹೋಗ್ತಿದ್ಲು. ಹುಡುಕು!"

ಮೊಣಕಾಲೂರಿ ತರಗೆಲೆ ಕೆದಕಿ ಆ ಗೊದಮೊಟ್ಟೆಯನ್ನು ಹುಡುಕಿಕೊಟ್ಟೆ. ಚಿಕ್ಕಮ್ಮ ಅದನ್ನು ಎಲೆಯ ತುದಿಯಲ್ಲಿ ಎತ್ತಿ, ನೀರು ನಿಂತ ಕೋಕೋ ಸಿಪ್ಪೆಯೊಂದಕ್ಕೆ ಬಿಟ್ಟಳು. ಕಪ್ಪೆಯ ಮೈಯಲ್ಲಿ ವಿಷವಿದೆ ಎಂಬುದು ನನಗೆ ನೆನಪಾದದ್ದು ಆಗಲೇ.

"ಚಿಕ್ಕಮ್ಮ, ನಾನು ಸಾಯ್ತೀನಾ?"

"ಕೈ ತೊಳ್ಕೋ, ಕಣ್ಣು ಉಜ್ಜಬೇಡ. ಸಾಯೋದೇ ಆದ್ರೆ ಆ ಸಾಲು ಮುಗಿಸಿ ಸಾಯಿ."

ಔಷಧಿ ಹೊಡೆದ ಬಾಳೆತೋಟಗಳ ನಡುವಿನ ಕಂಪನಿ ವಠಾರದಲ್ಲಿ ಬೆಳೆದ ನನಗೆ ಕಪ್ಪೆಯ ಸಂಸಾರ ಎಲ್ಲಿ ಗೊತ್ತಿರಬೇಕು? ಚಿಕ್ಕಮ್ಮ ಹುಟ್ಟಿದ್ದೇ ಬಾಸ್ತಿಮೆಂತೋಸ್ ದ್ವೀಪದ ಈ ಇಳಿಜಾರಿನಲ್ಲಿ. ಪಾದ ಮುಚ್ಚುವ ಹಸಿರು ನಿಲುವಂಗಿಯಲ್ಲೇ ಮರ ಹತ್ತುತ್ತಾಳೆ, ನಾನು ಹತ್ತಿದರೆ ಕೆಳಗೆ ನಿಂತು ನಗುತ್ತಾಳೆ. ಕಾಯಿ ಒಡೆದ ಮೇಲೆ ಸಿಪ್ಪೆಯನ್ನು ಮರದ ಬುಡದಲ್ಲೇ, ಬಟ್ಟಲಿನ ಹಾಗೆ ಬಾಯಿ ಮೇಲಾಗಿ ಇಡಬೇಕೆಂಬುದು ಅವಳಿಗೆ ತಾಯಿ ಕಲಿಸಿದ ಪಾಠ. ನಾನು ಒಂದನ್ನು ಮಗುಚಿ ಇಟ್ಟರೂ ಬೈಗುಳ.

"ಗಂಡು ಕಪ್ಪೆ ಮೊಟ್ಟೆ ಒಣಗದ ಹಾಗೆ ನೋಡ್ಕೊಳ್ತಾನೆ. ಮರಿಯಾದ ಮೇಲೆ ತಾಯಿ ಒಂದೊಂದನ್ನೂ ಬೇರೆ ಬೇರೆ ನೀರಲ್ಲಿ ಬಿಡ್ತಾಳೆ. ಆಮೇಲೆ ಎಲ್ಲರ ಮನೆಗೂ ಹೋಗಿ, ತಿನ್ನಲಿ ಅಂತ ಬರಡು ಮೊಟ್ಟೆ ಇಟ್ಟು ಬರ್ತಾಳೆ. ಒಂದು ಮನೇನೂ ಮರೆಯಲ್ಲ. ನೀನು ಮಚ್ಚು ಎಲ್ಲಿಟ್ಟೆ ಅನ್ನೋದು ನಿನಗೇ ಗೊತ್ತಿರಲ್ಲ."

"ವಿಷ ಎಲ್ಲಿಂದ ಬರುತ್ತೆ?"

"ತಿನ್ನೋ ಇರುವೆ, ನುಸಿಯಿಂದ. ನನ್ನ ತೋಟದಲ್ಲಿ ಊಟ ಚೆನ್ನಾಗಿದೆ, ಅದಕ್ಕೇ ವಿಷಾನೂ ಚೆನ್ನಾಗಿದೆ."

ಅವಳ ಕೋಕೋ ಇಂದಿಗೂ ಸಹಕಾರ ಸಂಘಕ್ಕೇ ಹೋಗುತ್ತದೆ. ಆದರೆ ಮೂರು ವರ್ಷದ ಹಿಂದೆ ಅದು ನಿಲ್ಲುವುದರಲ್ಲಿತ್ತು. ಸಂಘದ ತಪಾಸಣೆಗೆ ರೊಲಾಂಡೊ ಎಂಬ ಅಧಿಕಾರಿ ದೋಣಿಯಲ್ಲಿ ಬಂದ. ಸಿಪ್ಪೆ ರಾಶಿ ನೋಡಿದ್ದೇ ಮೂಗು ಮುಚ್ಚಿದ.

"ಇದೆಲ್ಲ ಸುಡಬೇಕಮ್ಮ. ಕಾಂಡಕ್ಕೆ ಅಂಟಿರೋ ಆ ಅನಾನಸ್ ಥರದ ಗಿಡಗಳನ್ನೂ ಕೆರೆದು ಹಾಕ್ಬೇಕು. ಇಲ್ಲಾಂದ್ರೆ ನಿಮ್ಮ ಕಾಯಿಗೆ ಕಪ್ಪು ರೋಗ ಬರುತ್ತೆ, ನಾವು ತಗೊಳ್ಳಲ್ಲ."

ಬೇರೆ ಕೊಳ್ಳುವವರು ದ್ವೀಪಕ್ಕೆ ಬರುವುದಿಲ್ಲ. ನನ್ನ ಕೂಲಿ ದೋಣಿ ಹತ್ತಿ ಹೊರಟಂತೆ ಕಂಡು ನಾನು ಬೆಂಕಿಪೊಟ್ಟಣ ತೆಗೆದೆ.

"ಒಳಗಿಡೋ ಚಾಲಿ," ಎಂದಳು ಚಿಕ್ಕಮ್ಮ. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಮೊದಲು ರೋಗದ ಕಾಯಿ ಒಂದು ತೋರಿಸಿ ಸಾಹೇಬ್ರೆ."

ಆತ ಊಟದ ಹೊತ್ತಿನವರೆಗೂ ಹುಡುಕಿದ. ಸಿಗಲಿಲ್ಲ. ಚಿಕ್ಕಮ್ಮ ಬೇಯಿಸಿದ ಹಸಿಬಾಳೆ, ಸೋರೆಬುರುಡೆ ತುಂಬ ಕೋಕೋ ಕೊಟ್ಟು ಅವನನ್ನು ರಾಶಿಯ ಪಕ್ಕವೇ ಕೂರಿಸಿದಳು.

"ಈ ಹೂವನ್ನ ಕಾಯಿ ಮಾಡೋದು ಯಾರು? ಎಳ್ಳಿಗಿಂತ ಸಣ್ಣ ನೊಣ. ಅದು ಹುಟ್ಟೋದು ಈ ಕೊಳೆತ ಸಿಪ್ಪೇಲೇ. ಸುಟ್ಟರೆ ಹೂವೆಲ್ಲ ಉದುರಿ ಹೋಗುತ್ತೆ. ನನ್ನ ತಂಗಿ ಸುಟ್ಟಳು, ಅವಳ ಮರ ನೋಡ್ಕೊಂಡು ಬನ್ನಿ."

ಅಷ್ಟರಲ್ಲಿ ಕೆಂಪು ಕಪ್ಪೆಯೊಂದು ಮರಿ ಹೊತ್ತು ಕಾಂಡವೇರಿತು. ಅನಾನಸಿನಂಥ ಗಿಡದ ಎಲೆಬುಡಕ್ಕೆ ಹಿಮ್ಮುಖವಾಗಿ ಇಳಿದು, ನೀರಲ್ಲಿ ಮರಿಯನ್ನು ಜಾರಿಸಿತು. ರೊಲಾಂಡೊ ಕೋಕೋ ತುಂಬಿದ ಸೋರೆಬುರುಡೆ ಹಿಡಿದುಕೊಂಡೇ ಬಾಯಿ ಬಿಟ್ಟು ನೋಡಿದ. ಮುಗಿಯಿತು, ಗೆದ್ದೆವು ಅಂದುಕೊಂಡೆ. ನನ್ನ ಲೆಕ್ಕಾಚಾರ ಎಂದು ಸರಿಯಿತ್ತು?

ಆತ ಪೆನ್ನು ತೆಗೆದ, ಬರೆಯಲಿಲ್ಲ. "ಕಪ್ಪೆ ಮೇಲಿನ ಮುದ್ದಿಗೆ ನೆಪ ಹೇಳ್ತಿದೀರೋ ಏನೋ. ನಿಜ ಹೇಳಿಯಮ್ಮ, ನಾಳೆ ರೋಗ ಬಂದೇಬಿಟ್ರೆ? ಕಪ್ಪೆ ಬೇಕೋ, ಕಾಯಿ ಬೇಕೋ?"

"ಕಾಯಿ," ಎಂದಳು ಚಿಕ್ಕಮ್ಮ. "ರೋಗ ಬಂದ ದಿನ ರಾಶಿಗೆ ನಾನೇ ಬೆಂಕಿ ಇಡ್ತೀನಿ. ಇವತ್ತು ಬಂದಿಲ್ಲ. ಬರ್ಕೊಳ್ಳಿ."