ಪಂಪ್‌ಹೌಸ್ ಗೋಡೆಯ ನೀರುನಾಯಿ

೧೯೯೮ರಲ್ಲಿ ನಾನು ದಾವಣಗೆರೆಯಲ್ಲಿ ಪರಿಸರ ಜಾಗೃತಿ ಯೋಜನೆಯೊಂದರ ಸಂಯೋಜಕನಾಗಿದ್ದೆ. ಜಿಲ್ಲೆಯೇ ಹೊಸದು; ನಮ್ಮ ಕಚೇರಿಗೆ ಕುರ್ಚಿಗಳಿಗಿಂತ ಮೊದಲು ರಬ್ಬರ್ ಸ್ಟಾಂಪುಗಳು ಬಂದಿದ್ದವು. ಅಳಿವಿನಂಚಿನ ಪ್ರಾಣಿಗಳ ಬಗ್ಗೆ ಊರವರ ಕೈಯಿಂದಲೇ ಗೋಡೆಚಿತ್ರ ಬರೆಸಬೇಕೆಂದು ಮೇಲಿನಿಂದ ಆದೇಶವಾಯಿತು. ನಾನು ತುಂಗಭದ್ರೆಯ ನೀರುನಾಯಿಯನ್ನು ಆರಿಸಿದೆ. ಗೋಡೆ, ಹರಿಹರದ ಹೊರಗೆ ಹೊಳೆದಂಡೆಯಲ್ಲಿದ್ದ ಹಳೇ ಪಂಪ್‌ಹೌಸಿನದು.

ಚಿತ್ರ ಬರೆಯಲು ಸಿನಿಮಾ ಬ್ಯಾನರಿನ ಕಲಾವಿದ ರುದ್ರೇಶಿ ಬಂದ. ಅವನು ಮೊದಲು ಬರೆದ ನೀರುನಾಯಿಗೆ ಖಳನಾಯಕನ ಹುಬ್ಬಿತ್ತು. ಮೀನುಗಾರ ಹನುಮಂತಪ್ಪ ಅದನ್ನು ನೋಡಿ, "ಇದು ನಮ್ಮ ಹೊಳಿದಲ್ಲಪ್ಪ, ಯಾವುದೋ ಪಿಚ್ಚರಿಂದು" ಎಂದು ನಕ್ಕ. ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ತೆಪ್ಪದಲ್ಲಿ ಕೂರಿಸಿಕೊಂಡು ಹೋದ. ಗೋಡೆಯ ಕೆಳಗೇ, ಜೊಂಡಿನ ಮರೆಯಲ್ಲಿ ಒಂದು ಬಿಲ. ಒಂದು ತಾಯಿ, ಎರಡು ಮರಿ. ಮರಿಗಳಿಗೆ ಇನ್ನೂ ನೀರೆಂದರೆ ಭಯ.

"ನನ್ನ ಮೀನಿನ ಬಲಿ ಹರಿಯೋವು ಇವೇ ರೀ," ಎಂದ ಹನುಮಂತಪ್ಪ. "ಆದ್ರೂ ಬಾಣಂತಿ ಐತೆ. ಮರಿ ಈಜು ಕಲಿಯೋತನಕ ಈ ಜೊಂಡು ಮುಟ್ಟಬ್ಯಾಡ್ರಿ ಸಾಹೇಬ್ರೆ."

"ಆಯ್ತು, ಇದು ನನ್ನ ಮಾತು" ಎಂದೆ.

ರುದ್ರೇಶಿ ತಾಯಿ-ಮರಿಗಳನ್ನು ಬರೆದ. ಮೀನುಗಾರರ ಮನೆಯ ಹೆಣ್ಣುಮಕ್ಕಳು ಕೆಳಗೆ ಮೀನು ಬರೆಯುತ್ತ, ಯಾವ ಮೀನಿಗೆ ಎಷ್ಟು ಮೀಸೆ ಎಂದು ಜಗಳವಾಡಿದರು. ಅಷ್ಟರಲ್ಲಿ, ಉದ್ಘಾಟನೆಗೆ ಹಿರಿಯ ಅಧಿಕಾರಿಯೊಬ್ಬರು ದಯಮಾಡಿಸುತ್ತಾರೆಂದು ಸುದ್ದಿ ಬಂತು.

ಸಾಹೇಬರು ಬರುವುದಕ್ಕೆ ನಮ್ಮಲ್ಲಿ ಒಂದು ಶಾಸ್ತ್ರವಿದೆ: ಗಿಡಗಂಟಿ ಕೀಳಿಸುವುದು, ದಾರಿಯ ಎರಡೂ ಬದಿ ಬ್ಲೀಚಿಂಗ್ ಪೌಡರಿನ ಗೆರೆ ಎಳೆಸುವುದು. ಯಾರೂ ಹೇಳಬೇಕಿಲ್ಲ, ಕೈ ತಾನಾಗಿ ಬರೆಯುತ್ತದೆ. ನನ್ನ ಕೈಯೂ ಬರೆಯಿತು: "ಸ್ಥಳದಲ್ಲಿರುವ ಅನಗತ್ಯ ಗಿಡಗಂಟಿಗಳನ್ನು ತೆರವುಗೊಳಿಸತಕ್ಕದ್ದು." ಜೊಂಡಿನ ನೆನಪಾಗಲಿಲ್ಲವೇ ಎಂದರೆ, ಆಯಿತು. ಸಾಹೇಬರ ಬೂಟಿಗೆ ಕೆಸರು ಹತ್ತೀತೆಂಬ ಯೋಚನೆ ಅದಕ್ಕಿಂತ ದೊಡ್ಡದಾಗಿತ್ತು.

ಉದ್ಘಾಟನೆಯ ಬೆಳಿಗ್ಗೆ ದಂಡೆ ಬೋಳಾಗಿತ್ತು. ಬಿಲದ ಬಾಯಿ ಬಿಸಿಲಿಗೆ ತೆರೆದುಕೊಂಡಿತ್ತು. ಬಿಳಿ ಗೆರೆ ಅದರ ಹೊಸ್ತಿಲವರೆಗೂ ಹೋಗಿತ್ತು, ಮುಖ್ಯ ಅತಿಥಿ ಒಳಗಿರುವಂತೆ. ಒಂದು ಮರಿಯನ್ನು ಬೀದಿನಾಯಿಗಳು ಕೊಂದಿದ್ದವು. ಇನ್ನೊಂದನ್ನು ತಾಯಿ ಕಚ್ಚಿಕೊಂಡು ಹೋಯಿತೆಂದು ಹೆಂಗಸರು ಹೇಳಿದರು. ಸತ್ತದ್ದನ್ನು ಹನುಮಂತಪ್ಪ ತನ್ನ ಟವೆಲ್ಲಿನಲ್ಲಿ ಸುತ್ತಿಕೊಂಡು ನಿಂತಿದ್ದ.

ಸಾಹೇಬರು ಗೋಡೆಯನ್ನು ಮೆಚ್ಚಿ ಕೇಳಿದರು: "ಇವು ಇಲ್ಲೇ ಇದಾವೇನ್ರಿ?"

"ಇಲ್ಲೇ ಇದಾವೆ ಸರ್" ಎಂದೆ.

ಹನುಮಂತಪ್ಪ ಟವೆಲ್ಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ನನ್ನ ಮಾನ ಕಾಯಲು.

ವಾರದೊಳಗೆ ನನಗೆ ಪ್ರಶಂಸಾಪತ್ರ ಬಂತು. ಅದೇ ದಿನ ಪಂಪ್‌ಹೌಸಿಗೆ ಹೋದರೆ, ರುದ್ರೇಶಿ ಏಣಿ ಹತ್ತಿ ನೀರುನಾಯಿಗಳ ಮೇಲೆ ದಟ್ಟವಾಗಿ ಹಸಿರು ಜೊಂಡು ಬರೆಯುತ್ತಿದ್ದ. ಯಾರು ಹೇಳಿದ್ದೆಂದು ಗದರಿದೆ.

"ಹನುಮಂತಣ್ಣ, ಸಾರ್. ಗ್ವಾಡಿ ಮ್ಯಾಲಾದ್ರೂ ಮರೆ ಇರ್ಲಿ ಅಂದ."

ಮುಂದಿನ ಹನ್ನೆರಡು ವರ್ಷದ ನೌಕರಿಯಲ್ಲಿ, ಜಾಗಕ್ಕೆ ಹೋಗಿ ಅಲ್ಲಿಯವರನ್ನು ಕೇಳದೆ ನಾನು ಯಾವ ಗಿಡವನ್ನೂ ಅನಗತ್ಯವೆಂದು ಬರೆಯಲಿಲ್ಲ. ಕೆಲಸ ಕಲಿಸಿದ್ದು ಅಷ್ಟು. ಹನುಮಂತಪ್ಪ ಆಮೇಲೂ ಕಂಡಾಗಲೆಲ್ಲ "ನಮಸ್ಕಾರ ರೀ" ಎನ್ನುತ್ತಿದ್ದ. ತೆಪ್ಪಕ್ಕೆ ಮಾತ್ರ ಮತ್ತೆಂದೂ ಕರೆಯಲಿಲ್ಲ.