ಕರೆಯಲು ಯಾರೂ ಬರಲಿಲ್ಲ

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಉಳಿ ಹಿಡಿದವನು. ಗಂಗಾವತಿಯಲ್ಲಿ ನನ್ನ ಬಡಿಗತನಕ್ಕೆ ಹೆಸರಿತ್ತು. ಬಿತ್ತುವ ಕೂರಿಗೆ ಮಾಡಿಸಲು ನವಲಿಯಿಂದ ಬಂದವರು ನನ್ನ ಕಟ್ಟೆಯ ಮೇಲೆ ಕಾಯುತ್ತಿದ್ದರು. ಆ ಐತವಾರ ಮಾತ್ರ ಅದೇ ಕಟ್ಟೆಯ ಮೇಲೆ ನಾನೇ ಕಾಯುತ್ತ ಕುಳಿತಿದ್ದೆ.

ಅಕ್ಕಿ ಗಿರಣಿಗೆ ಮೈಸೂರು ಕಡೆಯ ಒಬ್ಬ ಫಿಟ್ಟರ್ ಬಂದಿದ್ದ. ಗಿರಣಿಯ ಮರಗೆಲಸ ನನ್ನದು, ಕಬ್ಬಿಣದ್ದು ಅವನದು. ವರ್ಷದೊಳಗೆ ಗೆಳೆತನ ಗಟ್ಟಿಯಾಯಿತು. ಅವನಿಗೆ ಮೊದಲ ಮಗಳು ಹುಟ್ಟಿದಾಗ ತೇಗದ ತೊಟ್ಟಿಲು ಮಾಡಿಕೊಟ್ಟೆ. ಬುಧವಾರ ಗಿರಣಿಯಲ್ಲಿ ಅವನು, "ಭಾನುವಾರ ಹತ್ತು ಗಂಟೆಗೆ ಮಗೂಗೆ ಹೆಸರಿಡ್ತೀವಿ. ಇಬ್ಬರೂ ಬನ್ನಿ. ಈ ಊರಲ್ಲಿ ನಮಗೆ ನೀವೇ ಬಳಗ," ಎಂದ. ಹೂಂ ಎಂದೆ.

ನಮ್ಮಲ್ಲಿ ಮೊದಲು ಹೇಳಿ ಹೋಗುತ್ತಾರೆ. ಆ ದಿನ ಎಲ್ಲ ಸಿದ್ಧವಾದ ಮೇಲೆ ಮತ್ತೆ ಮನೆಗೆ ಬಂದು, "ಏಳ್ರಿ, ತಯಾರಾಗೇತಿ," ಎಂದು ಕರೆಯುತ್ತಾರೆ. ಹಾಗೆ ಕರೆಯದೆ ಮರ್ಯಾದಸ್ಥ ಹೊಸ್ತಿಲು ದಾಟುವುದಿಲ್ಲ. ನಾನು ಜಳಕ ಮಾಡಿ, ರುಮಾಲು ಸುತ್ತಿ ಕುಳಿತೆ. ಬಿಸಿಲು ಕಟ್ಟೆಯ ಮೇಲೇರಿತು. ಯಾರೂ ಬರಲಿಲ್ಲ.

"ಮದುಮಗ ಕುಂತಂಗ ಕುಂತೀರಲ್ಲ. ನಡೀರಿ, ಹೋಗೂಣು," ಎಂದಳು ನನ್ನ ಹೆಂಡತಿ.

"ಕರೀಲಾರದ ಮನಿಗೆ ನಾಯಿ ಹೋಗ್ತೈತಿ."

"ಹಂಗಾದ್ರ ರುಮಾಲರ ಬಿಚ್ಚಿಡ್ರಿ. ಅದಕ್ಕರ ಆರಾಮ ಆಗ್ಲಿ."

ಬಿಚ್ಚಲಿಲ್ಲ. ಒಳಗೆ ಬೇರೆಯದೇ ಕೊರೆಯುತ್ತಿತ್ತು. ತೊಟ್ಟಿಲಲ್ಲಿ ಏನಾದರೂ ಐಬು ಕಂಡಿತೆ? ಅಥವಾ ದೊಡ್ಡವರು ಬಂದು ಸೇರಿ ಬಡಿಗ ಬೇಡವಾದನೆ? ಇದ್ದ ಒಬ್ಬ ಗೆಳೆಯನೂ ಹೋದ ಎಂದುಕೊಂಡೆ.

ಅಷ್ಟರಲ್ಲಿ ಫಿಟ್ಟರನೇ ಬೆವರು ಸುರಿಸುತ್ತ ಓಡಿ ಬಂದ. "ಯಾಕ್ರೀ, ಯಾರಿಗಾದ್ರೂ ಹುಷಾರಿಲ್ವೆ?"

"ಎಲ್ಲಾರೂ ಅರಾಮ ಅದೀವ್ರಿ. ಕರಿಯಾಕ ಯಾರೂ ಬರಲಿಲ್ಲಲ್ರಿ."

"ಬುಧವಾರವೇ ಕರೆದ್ನಲ್ಲ!"

"ಅದು ಹೇಳಿದ್ದು. ಕರದದ್ದಲ್ಲ."

ಅವನು ಕಟ್ಟೆಯ ಮೇಲೆ ಕುಸಿದು ಕುಳಿತ. "ಬರ್ತೀನಿ ಅಂದವರನ್ನ ನಮ್ಮ ಕಡೆ ಮತ್ತೆ ಕರೆಯೋಕೆ ಹೋಗಲ್ಲ ಸ್ವಾಮಿ. ಹೋದರೆ ಅವರ ಮಾತು ನಂಬಲಿಲ್ಲ ಅಂದ ಹಾಗಾಗುತ್ತೆ. ತೊಟ್ಟಿಲು ಮಾಡಿದವರೇ ಬರಲಿಲ್ಲವಲ್ಲಾ ಅಂತ ನಮ್ಮವಳು ಅಳ್ತಾ ಕೂತಿದ್ದಾಳೆ. ಈಗ ಕರೀತೀನಿ, ಏಳಿ!"

ನನ್ನ ಹೆಂಡತಿ ಆಗಲೇ ಬಾಗಿಲಿಗೆ ಬೀಗ ಹಾಕಿದ್ದಳು.

ಅವನ ಮನೆಯಲ್ಲಿ ತೊಟ್ಟಿಲು ಬರಿದಾಗಿ ತೂಗುತ್ತಿತ್ತು, ಹೂವಿನ ಸರ ಅರ್ಧ ಬಾಡಿತ್ತು. ತಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಬೇರೆ ಯಾವ ದೊಡ್ಡವರೂ ಅಲ್ಲಿರಲಿಲ್ಲ. ನನ್ನ ಹೆಂಡತಿಯೇ ಕೂಸನ್ನು ಎತ್ತಿ ತೊಟ್ಟಿಲಿಗೆ ಹಾಕಿದಳು. ಒಂದು ಕೀಲೂ ಕಿರ್ ಎನ್ನಲಿಲ್ಲ. ಎದೆಯ ಮೇಲಿದ್ದ ಕಲ್ಲು ಇಳಿಯಿತು. ಹಸಿವೆ ಆಗ ಗೊತ್ತಾಯಿತು.

ಊಟದಲ್ಲಿ ಹೋಳಿಗೆ. ಎರಡಾದ ಮೇಲೆ ಫಿಟ್ಟರ್ ಮೂರನೆಯದನ್ನು ಹಿಡಿದು ಬಂದ. ರೂಢಿಯಂತೆ "ಬ್ಯಾಡ್ರಿ" ಎಂದೆ. ನಮ್ಮಲ್ಲಾದರೆ ಕೈ ಹಿಡಿದು ಹಾಕುತ್ತಿದ್ದರು. ಅವನು ನನ್ನ ಮಾತು ನಂಬಿ ಮುಂದೆ ಹೊರಟ.

ಈ ಸಲ ನಾನು ಕಾಯಲಿಲ್ಲ. "ಏ ಫಿಟ್ಟರ್ ಸಾಹೇಬ್ರ," ಎಂದು ಕೂಗಿದೆ, "ಹೊಳ್ಳಿ ಬರ್ರಿ, ಹಾಕ್ರಿ ಇಲ್ಲೆ!"